‘ಪುಲ್‌ಡೌನ್’ ಎಂಬುದಕ್ಕೆ ‘ಮಡಿಕೆ’ ಎನ್ನಬಹುದೇ?

ಮಾನ್ಯರೇ,

ತುಮಕೂರಿನ ಬಿ.ಎಚ್. ರಸ್ತೆಯ ಆಸುಪಾಸಿನಲ್ಲಿ ನನ್ನ ಸೋದರಳಿಯ ಒಂದು ಚಿಕ್ಕ ವೀಡಿಯೊ ಸ್ಟುಡಿಯೊ ನಡೆಸುತ್ತಾನೆ. ಮದುವೆ, ಗೃಹಪ್ರವೇಶ, ಊರಹಬ್ಬದ ನಾಟಕ ಇವು ಅವನ ಕಸುಬು. ಈಚಿನ ಕ್ಯಾಮೆರಾಗಳಲ್ಲಿ ಸೆಕೆಂಡಿಗೆ 24 ಚಿತ್ರ ತೆಗೆಯುವ ಸೌಕರ್ಯ ಇರುವುದರಿಂದ ‘ಸಿನಿಮಾ ಥರ ಬರಲಿ’ ಎಂದು ಗಿರಾಕಿಗಳು ಬಯಸುತ್ತಾರೆ. ಅದೇ ಗಿರಾಕಿಗಳ ಮನೆಯ ಅಜ್ಜ ಅಜ್ಜಿಯರು ಮಾತ್ರ ಹಳೆಯ ಡಿವಿಡಿ ಪ್ಲೇಯರಿಗೆ ಹಾಕಿ ನೋಡುವಂತೆ ಒಂದು ಡಿಸ್ಕ್ ಬೇಕೆನ್ನುತ್ತಾರೆ. ಕಳೆದ ತಿಂಗಳು ಅಮೆರಿಕದಲ್ಲಿರುವ ಒಂದು ಕುಟುಂಬಕ್ಕಾಗಿ ಅವನು ಮಾಡಿದ ಡಿಸ್ಕ್ ಮೊದಲು ಅಲ್ಲಿಯ ಪ್ಲೇಯರಿನಲ್ಲಿ ಓಡಲೇ ಇಲ್ಲ, ಎರಡನೆಯ ಸಲ ಓಡಿದರೂ ತಡವರಿಸಿತು. ‘ಮಾವ, ಕನ್ವರ್ಟ್ ಮಾಡಿದ್ದೀನಿ, ಆದ್ರೂ ಜರ್ಕ್ ಹೊಡೀತದೆ’ ಎಂದು ಅವನು ಬಂದು ಕುಳಿತಾಗ, ಸ್ಟುಡಿಯೊದ ಹುಡುಗರಿಗಾಗಿ ಈ ವಿಷಯವನ್ನು ಕನ್ನಡದಲ್ಲಿ ನಾಲ್ಕು ಪುಟ ಬರೆದುಕೊಡುತ್ತೇನೆಂದು ಒಪ್ಪಿಕೊಂಡೆ. ಬರೆಯಲು ಕುಳಿತ ಮೇಲೆ ಪದಗಳು ಕೈಕೊಟ್ಟವು. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ‘ಪುಲ್‌ಡೌನ್’, ಅಂದರೆ ಸಿನಿಮಾದ ಕೆಲವು ಚಿತ್ರಗಳನ್ನು ತುಸು ಹೆಚ್ಚು ಹೊತ್ತು ತೋರಿಸಿ ಅದನ್ನು ಟಿವಿಯ ವೇಗಕ್ಕೆ ಹೊಂದಿಸುವ ವಿಧಾನದ ಹೆಸರು. ಅದಕ್ಕಾಗಿ ಈ ಪತ್ರ.

ನನ್ನ ಮೊದಲ ತಕರಾರು ‘ಕನ್ವರ್ಟ್’ ಅಥವಾ ‘ಪರಿವರ್ತನೆ’ ಎಂಬ ಪದದ ಮೇಲೆಯೇ ಇದೆ. ಸಿನಿಮಾ ವೇಗದ ವೀಡಿಯೊವನ್ನು ಡಿವಿಡಿಗೆ ಹೊಂದಿಸುವಾಗ ನಡೆಯುವ ಕೆಲಸ ಒಂದೇ ಬಗೆಯದಲ್ಲ. ಒಂದಕ್ಕೊಂದು ಸಂಬಂಧವೇ ಇಲ್ಲದ ಕೆಲಸಗಳನ್ನು ಈ ಒಂದು ಪದ ಮುಚ್ಚಿಡುತ್ತದೆ, ಹುಡುಗರು ಎಡವುವುದೂ ಅಲ್ಲಿಯೇ. ಸಿನಿಮಾ ಸೆಕೆಂಡಿಗೆ 24 ಚಿತ್ರ ಓಡುತ್ತದೆ. ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದಾಗಿರುವ ನಮ್ಮಂಥ ದೇಶಗಳ ಪಾಲ್ ಪದ್ಧತಿಯ ಟಿವಿ ಸೆಕೆಂಡಿಗೆ 25 ಚಿತ್ರ ತೋರಿಸುತ್ತದೆ. 60 ಆವರ್ತದ ಅಮೆರಿಕದಲ್ಲಿ ಎನ್‌ಟಿಎಸ್‌ಸಿ ಪದ್ಧತಿಯ ಟಿವಿ ಮೊದಲು 30 ತೋರಿಸುತ್ತಿತ್ತು. 1953ರಲ್ಲಿ ಬಣ್ಣ ಸೇರಿಸಿದಾಗ ಅದು 29.97ಕ್ಕೆ ಇಳಿಯಿತು. ಡಿವಿಡಿಯೂ ಈ ಎರಡು ಮನೆತನಗಳನ್ನೇ ಅನುಸರಿಸಿದೆ: ಪಾಲ್ ಡಿಸ್ಕಿನ ಚಿತ್ರಕ್ಕೆ ಅಗಲದಲ್ಲಿ 720 ಚುಕ್ಕೆ, ಎತ್ತರದಲ್ಲಿ 576 ಗೆರೆ; ಎನ್‌ಟಿಎಸ್‌ಸಿ ಡಿಸ್ಕಿನ ಚಿತ್ರಕ್ಕೆ 720 ಚುಕ್ಕೆ, 480 ಗೆರೆ. ನಮ್ಮಲ್ಲಿ ಮಾರಾಟವಾದ ಪ್ಲೇಯರುಗಳು ಸಾಮಾನ್ಯವಾಗಿ ಎರಡನ್ನೂ ಓಡಿಸುತ್ತವೆ, ಅಮೆರಿಕದ ಎಷ್ಟೋ ಪ್ಲೇಯರುಗಳು ಪಾಲ್ ಡಿಸ್ಕನ್ನು ಒಪ್ಪುವುದಿಲ್ಲ. ಅಳಿಯನ ಮೊದಲ ಡಿಸ್ಕಿನ ಕಥೆ ಇಷ್ಟೇ.

24ನ್ನು 25 ಮಾಡುವ ಸುಲಭದ ದಾರಿ ಇಡೀ ಚಿತ್ರವನ್ನು ತುಸು ಬೇಗ ಓಡಿಸುವುದು. 150 ನಿಮಿಷದ ಸಿನಿಮಾ ಆಗ 144 ನಿಮಿಷಕ್ಕೆ ಮುಗಿಯುತ್ತದೆ, ಯಾವ ಚಿತ್ರವೂ ಕಳೆದುಹೋಗುವುದಿಲ್ಲ, ಯಾವುದೂ ಎರಡಾಗುವುದಿಲ್ಲ. ಧ್ವನಿಯನ್ನು ಹಾಗೆಯೇ ಬಿಟ್ಟರೆ ಮಾತ್ರ ಶ್ರುತಿ ಏರುತ್ತದೆ. ಹಾರ್ಮೋನಿಯಮ್ಮಿನಲ್ಲಿ ಒಂದು ಬಿಳಿ ಮನೆಯಿಂದ ಪಕ್ಕದ ಕರಿ ಮನೆಗೆ ಇರುವ ದೂರದಲ್ಲಿ ಹತ್ತರಲ್ಲಿ ಏಳು ಪಾಲಿನಷ್ಟು. ಗುಬ್ಬಿಯ ಕಂಪನಿ ನಾಟಕಗಳ ಹಾಡು ಕೇಳಿ ಬೆಳೆದ ನಮ್ಮ ಜಿಲ್ಲೆಯ ಹಿರಿಯರ ಕಿವಿಗೆ ಇದು ಖಂಡಿತ ಗೊತ್ತಾಗುತ್ತದೆ, ಹಾಗಾಗಿ ಶ್ರುತಿಯನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಈ ಕೆಲಸಕ್ಕೆ ‘ಓಟ ಏರಿಸುವುದು’ ಎಂಬ ಮಾತು ಸಾಕೆಂದು ನನ್ನ ಎಣಿಕೆ. ‘ಗತಿವರ್ಧನೆ’ ಎಂದು ಬರೆದರೆ ಹುಡುಗರು ಓದುವುದಿಲ್ಲ. ಓದಿದರೂ ಕಂಪ್ಯೂಟರಿನ ವೇಗ ಹೆಚ್ಚಿಸುವ ಮಾತೆಂದು ತಿಳಿಯುತ್ತಾರೆ.

ಮುಂದಿನ ದಾರಿಯನ್ನು ವಿವರಿಸುವ ಮೊದಲು ‘ಫ್ರೇಮ್’ ಮತ್ತು ‘ಫೀಲ್ಡ್’ ಎಂಬ ಎರಡು ಪದಗಳನ್ನು ಇತ್ಯರ್ಥ ಮಾಡಿಕೊಳ್ಳಬೇಕಾಗುತ್ತದೆ. ಫ್ರೇಮಿಗೆ ‘ಚೌಕಟ್ಟು’ ಎಂಬ ಅನುವಾದವನ್ನು ಹಲವೆಡೆ ಕಂಡಿದ್ದೇನೆ. ಚೌಕಟ್ಟು ಎಂದರೆ ಬಾಗಿಲಿನದೋ ಗೋಡೆಯ ಪಟದ್ದೋ ಸುತ್ತುಕಟ್ಟು, ಒಳಗಿನ ಚಿತ್ರವಲ್ಲ. ‘ಸೆಕೆಂಡಿಗೆ 24 ಚೌಕಟ್ಟು’ ಎಂದು ಓದಿದರೆ ನನಗೆ ಬಡಗಿಯ ಅಂಗಡಿ ಕಣ್ಣಿಗೆ ಬರುತ್ತದೆ. ಫೀಲ್ಡಿಗೆ ‘ಕ್ಷೇತ್ರ’ ಎಂಬುದು ಇನ್ನೂ ತೊಡಕಿನದು, ಏಕೆಂದರೆ ಆ ಪದದ ಮೇಲೆ ಭೌತಶಾಸ್ತ್ರದ ಕಾಂತಕ್ಷೇತ್ರ, ಚುನಾವಣೆಯ ಮತಕ್ಷೇತ್ರ, ಯಾತ್ರೆಯ ಪುಣ್ಯಕ್ಷೇತ್ರ ಎಲ್ಲವೂ ಈಗಾಗಲೇ ಹೊರೆಯಾಗಿ ಕುಳಿತಿವೆ. ಟಿವಿಯ ಫೀಲ್ಡ್ ಎಂದರೆ ನಿಜವಾಗಿ ಅರ್ಧ ಚಿತ್ರ: ಹಳೆಯ ಟಿವಿ ಒಂದು ಚಿತ್ರವನ್ನು ಒಮ್ಮೆಗೇ ಬರೆಯದೆ, ಮೊದಲು ಒಂದು ಬಿಟ್ಟು ಒಂದು ಗೆರೆಯನ್ನು, ಆಮೇಲೆ ನಡುವೆ ಉಳಿದ ಗೆರೆಗಳನ್ನು ಬರೆಯುತ್ತದೆ. ಪಾಲ್ ಡಿಸ್ಕಿನ 576 ಗೆರೆ ಹೀಗೆ 288ರ ಎರಡು ಕಂತಾಗಿ, ಸೆಕೆಂಡಿಗೆ 50 ಕಂತಾಗಿ ಪರದೆಗೆ ಬರುತ್ತವೆ. ಆದ್ದರಿಂದ ‘ಅರೆಚಿತ್ರ’, ಅದರ ಎದುರಿಗೆ ‘ಇಡಿಚಿತ್ರ’ ಎಂಬ ಜೋಡಿ ನನಗೆ ಒಪ್ಪಿಗೆಯಾಗಿದೆ. ಅರೆ–ಇಡಿ ಜೋಡಿ ಕನ್ನಡದ ಕಿವಿಗೆ ಹೊಸದಲ್ಲ, ವಿವರಣೆಯನ್ನೂ ಕೇಳುವುದಿಲ್ಲ. ಹೀಗೆ ಕಂತು ಮಾಡದೆ ಗೆರೆಗಳನ್ನೆಲ್ಲ ಸಾಲಾಗಿ ಒಮ್ಮೆಗೇ ಬರೆಯುವ ‘ಪ್ರೊಗ್ರೆಸಿವ್’ ಎಂಬುದಕ್ಕೆ ‘ಪ್ರಗತಿಪರ’ ಎಂದು ಒಂದು ಮೆನುವಿನಲ್ಲಿ ಓದಿ ನಕ್ಕಿದ್ದೇನೆ. ಅಲ್ಲಿಯೂ ‘ಇಡಿಚಿತ್ರದ ವೀಡಿಯೊ’ ಎಂದರೆ ಮುಗಿಯಿತು.

ಎರಡು ಕಂತಿನಲ್ಲಿ ಗೆರೆ ಬರೆಯುವ ‘ಇಂಟರ್‌ಲೇಸ್’ ಎಂಬುದಕ್ಕೆ ಮಿತ್ರರೊಬ್ಬರು ‘ನೇಯ್ಗೆ’ ಎಂದು ಸೂಚಿಸಿದರು. ನಮ್ಮ ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯ ರೇಷ್ಮೆ ಸೀರೆಯ ಮಗ್ಗಗಳನ್ನು ನೋಡಿದ್ದರಿಂದ ನನಗೆ ಅದು ಒಗ್ಗಲಿಲ್ಲ. ನೇಯ್ಗೆಯಲ್ಲಿ ಹಾಸು ಒಂದು ದಿಕ್ಕು, ಹೊಕ್ಕು ಇನ್ನೊಂದು ದಿಕ್ಕು. ಇಲ್ಲಿ ಗೆರೆಗಳೆಲ್ಲ ಅಡ್ಡಡ್ಡವಾಗಿಯೇ ಇರುತ್ತವೆ, ಒಂದನ್ನೊಂದು ದಾಟುವುದೇ ಇಲ್ಲ. ಅದಕ್ಕಿಂತ ರಾಗಿ ಹೊಲದ ಅಕ್ಕಡಿ ಹತ್ತಿರದ್ದೆನ್ನಿಸಿತು. ರಾಗಿಯ ಸಾಲುಗಳ ನಡುವೆ ಅವರೆಯನ್ನೋ ತೊಗರಿಯನ್ನೋ ಸಾಲಾಗಿ ಬಿತ್ತುವುದು ನಮ್ಮ ಕಡೆಯ ವಾಡಿಕೆ, ಎರಡು ಬೆಳೆ ಒಂದೇ ಹೊಲ. ಆದರೆ ಅಕ್ಕಡಿ ಸಾಲು ಬರುವುದು ಹಲವು ರಾಗಿ ಸಾಲಿಗೆ ಒಂದರಂತೆ, ಒಂದು ಬಿಟ್ಟು ಒಂದರಂತೆ ಅಲ್ಲ. ಹೋಲಿಕೆ ಚೆಂದವಾದರೂ ಲೆಕ್ಕ ತಪ್ಪುತ್ತದೆ. ಕೊನೆಗೆ ‘ಸಾಲುಬಿಟ್ಟು ಸಾಲು’ ಎಂಬ ಸಾದಾ ಮಾತನ್ನೇ ಉಳಿಸಿಕೊಂಡಿದ್ದೇನೆ. ಎರಡು ಬೇರೆ ಕ್ಷಣಗಳ ಅರೆಚಿತ್ರಗಳು ಒಂದೇ ಇಡಿಚಿತ್ರದಲ್ಲಿ ಸೇರಿ ಅಂಚುಗಳು ಹಲ್ಲುಹಲ್ಲಾಗಿ ಕಾಣುವುದನ್ನು ಸ್ಟುಡಿಯೊದ ಹುಡುಗರು ತಾವಾಗಿಯೇ ‘ಬಾಚಣಿಗೆ’ ಎನ್ನುತ್ತಾರೆ. ಅದನ್ನು ಮುಟ್ಟುವ ಧೈರ್ಯ ನನಗಿಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. 24ರಿಂದ 29.97ಕ್ಕೆ ಹೋಗಲು ಓಟ ಏರಿಸುವ ಉಪಾಯ ನಡೆಯುವುದಿಲ್ಲ, ಮಾತು ಹಕ್ಕಿಯ ಚಿಲಿಪಿಲಿಯಾಗುತ್ತದೆ. ಅಲ್ಲಿ ಮೊದಲು 24ನ್ನು ಸಾವಿರದಲ್ಲಿ ಒಂದು ಪಾಲಿನಷ್ಟು ತಗ್ಗಿಸಿ 23.976 ಮಾಡುತ್ತಾರೆ, ಇದು ಯಾರ ಕಣ್ಣಿಗೂ ಕಿವಿಗೂ ತಿಳಿಯುವುದಿಲ್ಲ. ಆಮೇಲೆ ಮೊದಲನೆಯ ಇಡಿಚಿತ್ರವನ್ನು ಎರಡು ಅರೆಚಿತ್ರವಾಗಿ, ಎರಡನೆಯದನ್ನು ಮೂರಾಗಿ, ಮೂರನೆಯದನ್ನು ಎರಡಾಗಿ, ನಾಲ್ಕನೆಯದನ್ನು ಮೂರಾಗಿ ತೋರಿಸುತ್ತಾರೆ. ಸಿನಿಮಾದ ನಾಲ್ಕು ಚಿತ್ರ ಹೀಗೆ ಹತ್ತು ಅರೆಚಿತ್ರವಾಗಿ, ಅಂದರೆ ಟಿವಿಯ ಐದು ಚಿತ್ರವಾಗಿ ಹರಡಿಕೊಳ್ಳುತ್ತವೆ. ಆ ಐದರಲ್ಲಿ ಮೂರು ಶುದ್ಧವಾಗಿಯೂ ಎರಡು ಬೆರಕೆಯಾಗಿಯೂ ಇರುತ್ತವೆ. ಒಂದು ಚಿತ್ರ ಪರದೆಯ ಮೇಲೆ ಸೆಕೆಂಡಿನ ಸುಮಾರು ಮೂವತ್ತನೆಯ ಒಂದು ಭಾಗ ನಿಂತರೆ ಮುಂದಿನದು ಇಪ್ಪತ್ತನೆಯ ಒಂದು ಭಾಗ ನಿಲ್ಲುವುದರಿಂದ, ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವ ದೃಶ್ಯಗಳಲ್ಲಿ ನಡಿಗೆ ಕುಂಟಿದಂತೆ ಕಾಣುತ್ತದೆ. ಹೀಗೆ ಹರಡುವ ವಿಧಾನಕ್ಕೆ ಇಂಗ್ಲಿಷಿನಲ್ಲಿಟ್ಟ ಹೆಸರು ‘ಪುಲ್‌ಡೌನ್’.

ಹೆಸರಿನ ಮೂಲ ಯಂತ್ರದಲ್ಲಿದೆ. ಪ್ರೊಜೆಕ್ಟರಿನ ಬೆಳಕಿನ ಕಿಂಡಿಯ ಮುಂದೆ ರೀಲು ಸುಮ್ಮನೆ ಹರಿಯುವುದಿಲ್ಲ. ಒಂದು ಚಿತ್ರ ನಿಂತು, ಬೆಳಕು ಮುಚ್ಚಿಕೊಂಡಾಗ ಸರಕ್ಕನೆ ಕೆಳಕ್ಕೆ ಎಳೆಯಲ್ಪಟ್ಟು, ಮುಂದಿನದು ಅದರ ಜಾಗಕ್ಕೆ ಬರುತ್ತದೆ. 35 ಮಿಲಿಮೀಟರ್ ರೀಲಿನಲ್ಲಿ ಒಂದು ಚಿತ್ರಕ್ಕೆ ಅಂಚಿನ ನಾಲ್ಕು ತೂತು, ಸೆಕೆಂಡಿಗೆ ಒಂದೂವರೆ ಅಡಿ ರೀಲು. ಟಿವಿಗಾಗಿ ರೀಲು ಓಡಿಸುವಾಗ ಎಷ್ಟು ಅರೆಚಿತ್ರಕ್ಕೊಮ್ಮೆ ಈ ಎಳೆತ ಎಂಬ ಲೆಕ್ಕವೇ ‘ಎರಡು–ಮೂರು’. ಎಂದ ಮಾತ್ರಕ್ಕೆ ‘ಕೆಳಗೆಳೆತ’ ಎಂದು ಅನುವಾದಿಸಿದರೆ ಕನ್ನಡದಲ್ಲಿ ಅರ್ಥ ಬೇರೆಯಾಗುತ್ತದೆ: ಏಳಿಗೆಯಾಗುತ್ತಿರುವವನ ಕಾಲು ಹಿಡಿದು ಎಳೆಯುವ ನೆಂಟರು ನೆನಪಾಗುತ್ತಾರೆ. ಅಲ್ಲದೆ ಕಂಪ್ಯೂಟರಿನಲ್ಲಿ ಏನನ್ನೂ ಯಾರೂ ಕೆಳಗೆ ಎಳೆಯುತ್ತಿಲ್ಲ.

ಸಂಗೀತ ಬಲ್ಲವರೊಬ್ಬರು ‘ಖಂಡಗತಿ’ ಎಂಬ ಹೆಸರು ಕೊಟ್ಟರು. ಖಂಡಚಾಪು ತಾಳದ ‘ತಕ ತಕಿಟ’ ಎಂಬುದು ಈ ಎರಡು–ಮೂರರ ತದ್ರೂಪವೇ ಆಗಿದೆ, ಐದು ಮಾತ್ರೆಯ ಗಣಗಳಲ್ಲಿ ನಡೆಯುವ ಲಲಿತ ರಗಳೆಯನ್ನು ಓದಿದವರಿಗೂ ಈ ನಡೆ ಅಪರಿಚಿತವಲ್ಲ. ಈ ವಿಧಾನವನ್ನು ‘ಮೂರು–ಎರಡು’ ಎಂದು ಕರೆಯುವ ರೂಢಿ ಇದ್ದರೂ ‘ಎರಡು–ಮೂರು’ ಎಂಬುದೇ ಸರಿಯೆಂದು ವಾದಿಸುವವರಿಗೆ ನಮ್ಮ ತಾಳ ಬೆಂಬಲವಾಗಿ ನಿಲ್ಲುತ್ತದೆ. ಆದರೆ ಖಂಡಗತಿ ಎಂಬ ಪದಕ್ಕೆ ಸಂಗೀತದಲ್ಲಿ ಬೇರೆಯೇ ಅರ್ಥ ನೆಲೆಯೂರಿದೆ. ತಾಳದ ಒಂದೊಂದು ಎಣಿಕೆಯನ್ನೂ ಐದಾಗಿ ಒಡೆಯುವುದು ಅದು. ಒಂದು ಶಾಸ್ತ್ರದ ಪದವನ್ನು ಕಿತ್ತು ಇನ್ನೊಂದರಲ್ಲಿ ಹೀಗೆ ಸಡಿಲವಾಗಿ ನೆಡುವುದು ನನಗೆ ಇಷ್ಟವಿಲ್ಲ.

ನನ್ನ ಮನಸ್ಸು ಒಲಿದದ್ದು ‘ಇಮ್ಮಡಿ–ಮುಮ್ಮಡಿ’ ಎಂಬ ಜೋಡಿಗೆ. ಒಂದು ಚಿತ್ರ ಇಮ್ಮಡಿ, ಮುಂದಿನದು ಮುಮ್ಮಡಿ. ಇದರಲ್ಲಿ ಲೆಕ್ಕವೂ ಇದೆ, ಪುನರಾವೃತ್ತಿಯೂ ಇದೆ. ನನ್ನ ಪತ್ನಿ ಇದನ್ನು ಕೇಳಿದವಳೇ ‘ಪುಲಿಕೇಶಿಯೋ, ಕೃಷ್ಣರಾಜ ಒಡೆಯರೋ?’ ಎಂದಳು. ಅರಸರ ನೆನಪು ಬಂದರೆ ಬರಲಿ. ಮಡಿ ಎಂದರೆ ಪಟ್ಟು ಎಂಬ ಅರ್ಥ ಅಲ್ಲಿಗಿಂತ ಇಲ್ಲಿಯೇ ಹೆಚ್ಚು ಸಹಜವಾಗಿದೆ. ತೊಡಕು ಇರುವುದು ಬೇರೆ ಕಡೆ. ಪಾಲ್ ಡಿಸ್ಕಿಗೂ ಓಟ ಏರಿಸದೆ 24ನ್ನು 25ಕ್ಕೆ ಹೊಂದಿಸುವ ಇನ್ನೊಂದು ವಿಧಾನವಿದೆ: ಹನ್ನೊಂದು ಚಿತ್ರ ಎರಡೆರಡು ಅರೆಚಿತ್ರವಾಗಿ ಹೋಗಿ ಹನ್ನೆರಡನೆಯದು ಮೂರಾಗುತ್ತದೆ, ಮತ್ತೆ ಹಾಗೆಯೇ ಇಪ್ಪತ್ತನಾಲ್ಕನೆಯದು. ಸೆಕೆಂಡಿಗೆ 50 ಅರೆಚಿತ್ರ ತುಂಬುತ್ತವೆ, ಶ್ರುತಿಯೂ ಕಾಲವೂ ಕದಲುವುದಿಲ್ಲ, ಅರ್ಧ ಸೆಕೆಂಡಿಗೊಮ್ಮೆ ಸಣ್ಣದೊಂದು ಮುಗ್ಗರಿಕೆ ಮಾತ್ರ ಇರುತ್ತದೆ. ಇದೂ ಪುಲ್‌ಡೌನ್ ಕುಲದ್ದೇ. ಇಮ್ಮಡಿ–ಮುಮ್ಮಡಿ ಎಂಬ ಹೆಸರು ಇದಕ್ಕೆ ಹೊಂದುವುದಿಲ್ಲವಾದ್ದರಿಂದ ಇಡೀ ಕುಲಕ್ಕೆ ಒಂದು ಪದ ಬೇಕು.

ಅದಕ್ಕಾಗಿ ‘ಮಡಿಕೆ’ ಎಂಬುದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಎರಡು–ಮೂರರ ಮಡಿಕೆ, ಇಪ್ಪತ್ತನಾಲ್ಕು–ಇಪ್ಪತ್ತೈದರ ಮಡಿಕೆ. ಇದರ ದೊಡ್ಡ ಅನುಕೂಲ ಗೊತ್ತಾದದ್ದು ಹಿಮ್ಮುಖದ ಕೆಲಸವನ್ನು ಬರೆಯುವಾಗ: ಅಮೆರಿಕದಿಂದ ಬಂದ ಡಿಸ್ಕಿನಲ್ಲಿ ಹೆಚ್ಚಾಗಿ ಸೇರಿದ ಅರೆಚಿತ್ರಗಳನ್ನು ಗುರುತಿಸಿ ತೆಗೆದು ಮೂಲದ 24 ಇಡಿಚಿತ್ರಗಳನ್ನು ಮರಳಿ ಪಡೆಯುವುದಕ್ಕೆ ‘ಮಡಿಕೆ ಬಿಚ್ಚುವುದು’ ಎಂದು ಬರೆದರೆ, ಪಂಚೆಯನ್ನೋ ಸೀರೆಯನ್ನೋ ಬಿಚ್ಚಿ ಕೊಡವಿದಷ್ಟು ಸಲೀಸಾಗಿ ಅರ್ಥವಾಗುತ್ತದೆ. ಅಳಿಯನ ಎರಡನೆಯ ಡಿಸ್ಕ್ ಕೆಟ್ಟದ್ದೂ ಈ ಪದದಿಂದಲೇ ಅವನಿಗೆ ಹೊಳೆಯಿತು. ಅವನ ತಂತ್ರಾಂಶ ಮಡಿಕೆ ಹಾಕುವ ಬದಲು ನಾಲ್ಕು ಚಿತ್ರಕ್ಕೊಮ್ಮೆ ಒಂದು ಇಡಿಚಿತ್ರವನ್ನೇ ಎರಡು ಸಲ ಇಟ್ಟುಬಿಟ್ಟಿತ್ತು.

ಇನ್ನೊಂದು ಭೇದವೂ ಉಳಿದಿದೆ. ಅರೆಚಿತ್ರಗಳನ್ನು ಮೊದಲೇ ಬೆರೆಸಿ ಸೆಕೆಂಡಿಗೆ 29.97 ಚಿತ್ರವಾಗಿ ಡಿಸ್ಕಿಗೆ ಬರೆಯುವುದು ಒಂದು ಬಗೆ. ಡಿಸ್ಕಿನಲ್ಲಿ 23.976 ಇಡಿಚಿತ್ರಗಳನ್ನಷ್ಟೇ ಇಟ್ಟು, ‘ಈ ಚಿತ್ರದ ಮೊದಲ ಅರೆಯನ್ನು ಇನ್ನೊಮ್ಮೆ ತೋರಿಸು’ ಎಂಬ ಗುರುತನ್ನು ಎಂಪೆಗ್-2 (ಡಿವಿಡಿಯ ವೀಡಿಯೊವನ್ನು ಅಡಕಗೊಳಿಸಿಡುವ ಪದ್ಧತಿ) ದತ್ತಾಂಶದೊಳಗೆ ಸೇರಿಸಿ, ಮಡಿಕೆಯ ಕೆಲಸವನ್ನು ಪ್ಲೇಯರಿಗೇ ಬಿಡುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಐದರಲ್ಲಿ ಒಂದು ಪಾಲು ಚಿತ್ರಗಳ ಜಾಗ ಉಳಿಯುತ್ತದೆ. ಇಡಿಚಿತ್ರ ತೋರಿಸಬಲ್ಲ ಪ್ಲೇಯರು ಆ ಗುರುತನ್ನು ಬದಿಗಿಟ್ಟು ಬಾಚಣಿಗೆಯಿಲ್ಲದ ಚಿತ್ರವನ್ನೇ ಕೊಡಬಲ್ಲದು. ಇವುಗಳನ್ನು ಇಂಗ್ಲಿಷಿನಲ್ಲಿ ‘ಗಟ್ಟಿ’, ‘ಮೆತು’ ಎಂಬರ್ಥದ ಪದಗಳಿಂದ ಕರೆಯುತ್ತಾರೆ. ಕನ್ನಡದಲ್ಲಿ ಗಟ್ಟಿ ಮಡಿಕೆ, ಮೆತ್ತನೆಯ ಮಡಿಕೆ ಎಂದರೆ ಇಸ್ತ್ರಿ ಅಂಗಡಿಯ ಮಾತಾಗುತ್ತದೆ. ಅಡುಗೆಮನೆಯಲ್ಲೇ ಕಲಸಿ ತಂದ ಅನ್ನಕ್ಕೂ ಎಲೆಯ ಮೇಲೆ ಬೇಕಾದಷ್ಟೇ ಕಲಸಿಕೊಳ್ಳುವ ಅನ್ನಕ್ಕೂ ಇರುವ ವ್ಯತ್ಯಾಸ ಇದು. ಸದ್ಯಕ್ಕೆ ‘ಕಲಸಿದ ಮಡಿಕೆ’, ‘ಗುರುತಿನ ಮಡಿಕೆ’ ಎಂದು ಬರೆದಿಟ್ಟಿದ್ದೇನೆ. ಕಲಸುವುದೂ ಮಡಿಸುವುದೂ ಒಟ್ಟಿಗೆ ಸೇರಿ ಉಪಮೆ ಕಲಸುಮೇಲೋಗರವಾಯಿತೆಂಬ ಅಳುಕು ನನಗೇ ಇದೆ. ಇಂಗ್ಲಿಷಿನಲ್ಲಿ ‘ಫ್ಲ್ಯಾಗ್’ ಎನ್ನುವ ಆ ಗುರುತಿಗೆ ‘ಬಾವುಟ’, ‘ಪತಾಕೆ’ ಎಂಬ ಅನುವಾದಗಳು ಮಾತ್ರ ಬೇಡವೆಂದು ಬೇಡಿಕೊಳ್ಳುತ್ತೇನೆ.

ನನ್ನ ಪ್ರಶ್ನೆಗಳು ಇವು. ಮಡಿಕೆ ಎಂದಾಗ ಮಣ್ಣಿನ ಮಡಕೆಯೋ ಸ್ನಾನದ ಮಡಿಯೋ ನಿಮ್ಮ ಕಡೆಯವರಿಗೆ ಮೊದಲು ನೆನಪಾಗುವುದಾದರೆ, ‘ಮಡಿಪು’ ಎಂದು ಬರೆಯುವುದು ಮೇಲೋ, ಅಥವಾ ಅದು ಪುಸ್ತಕದ ಪದವಾಗಿಬಿಡುತ್ತದೆಯೋ? ಕಲಸಿದ್ದು, ಗುರುತಿನದು ಎಂಬ ಭೇದಕ್ಕೆ ಮಡಿಕೆಯೊಂದಿಗೇ ಹೊಂದುವ ಬೇರೆ ಜೋಡಿ ಯಾರಿಗಾದರೂ ಹೊಳೆಯುತ್ತದೆಯೇ? ಕೊನೆಯದಾಗಿ, ಈ ಜಿಲ್ಲೆಯ ಟೆಂಟುಗಳಲ್ಲಿ ಕಾರ್ಬನ್ ಕಡ್ಡಿ ಉರಿಸಿ ರೀಲು ಓಡಿಸಿದ ಆಪರೇಟರುಗಳು ನಿಮ್ಮ ಬಳಗದಲ್ಲಿದ್ದರೆ, ಒಂದೊಂದು ಚಿತ್ರ ನಿಂತು ಕೆಳಕ್ಕೆ ಜಾರುವ ಆ ಚಲನೆಯನ್ನು ಅವರು ತಮ್ಮ ತಮ್ಮಲ್ಲಿ ಏನೆಂದು ಹೇಳಿಕೊಳ್ಳುತ್ತಿದ್ದರೆಂದು ವಿಚಾರಿಸಿ ತಿಳಿಸಬೇಕಾಗಿ ಕೋರುತ್ತೇನೆ. ಅವರಲ್ಲಿ ಒಂದು ಪದ ಇದ್ದದ್ದೇ ಆದರೆ ನನ್ನ ಮಡಿಕೆಯನ್ನು ಹಿಂತೆಗೆದುಕೊಳ್ಳಲು ಸಿದ್ಧನಿದ್ದೇನೆ.