ಮೂರು ವಾರಕ್ಕೊಂದು ಇಂಜೆಕ್ಷನ್: ನಾಲ್ಕನೆಯ ದಿನದ ಅಂಕಿ ನಂಬಲೋ, ಇಪ್ಪತ್ತನೆಯ ದಿನದ್ದೋ?

ಭತ್ತದವ, ಸಿಂಧನೂರು

ನನಗೆ 46. ಎರಡು ವರ್ಷದ ಹಿಂದೆ ತಲೆನೋವು, ಪಕ್ಕದಿಂದ ಬರುವ ಬೈಕೂ ಕಾಣುತ್ತಿಲ್ಲ ಎಂದು ಹೋದರೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ. ಶಸ್ತ್ರಚಿಕಿತ್ಸೆಯಾಯಿತು, ಕಣ್ಣು ಉಳಿಯಿತು, ಗಂಡಸರ ಹಾರ್ಮೋನ್ ಟೆಸ್ಟೋಸ್ಟೆರಾನ್ 140ಕ್ಕೆ ಇಳಿಯಿತು. ಅಂದಿನಿಂದ ಮೂರು ವಾರಕ್ಕೊಮ್ಮೆ ಅದರದೇ 250 ಮಿಲಿಗ್ರಾಂ ಇಂಜೆಕ್ಷನ್. ಊರಿನ ಕಾಂಪೌಂಡರ್ ಬಂದು ಚುಚ್ಚುತ್ತಾರೆ. ಎಣ್ಣೆಯಂಥ ಮದ್ದು, ಅದು ಒಳಗಿಳಿಯುವಷ್ಟರಲ್ಲಿ ಅವರು ಮಳೆ, ಭತ್ತದ ರೇಟು ಎಲ್ಲ ಹೇಳಿ ಮುಗಿಸಿರುತ್ತಾರೆ.

ಮೂರನೆಯ ದಿನದಿಂದ ಒಂದು ವಾರ ಮೈಯಲ್ಲಿ ದೆವ್ವ ಹೊಕ್ಕಂತಿರುತ್ತದೆ. ನಿದ್ದೆ ಇಲ್ಲ, ಬೆನ್ನ ತುಂಬ ಗುಳ್ಳೆ. ಕಳೆದ ಸುಗ್ಗಿಯಲ್ಲಿ ಕಟಾವು ಯಂತ್ರದವನು ಅರ್ಧ ಗಂಟೆ ತಡವಾಗಿ ಬಂದದ್ದಕ್ಕೆ ನಾನು ಬೈದ ಬೈಗುಳ ಕೇಳಿ ಅವನು ಗದ್ದೆ ಬಿಟ್ಟೇ ಹೋದ. ಹದಿನಾರನೆಯ ದಿನ ದಾಟಿದರೆ ಔಷಧದ ಪಂಪು ಬೆನ್ನಿಗೇರಿಸಲೂ ಆಗದೆ ಬದುವಿನ ಮೇಲೆ ಕುಳಿತಿರುತ್ತೇನೆ. ಮನೆಯವಳು ಬೀಜದ ಅಂಗಡಿಯ ಕ್ಯಾಲೆಂಡರಿನಲ್ಲಿ ಇಂಜೆಕ್ಷನ್ ದಿನಕ್ಕೆ ಕೆಂಪು ಸುತ್ತು ಹಾಕಿದ್ದಾಳೆ. ಶಾಲೆಯ ಫೀಸು, ತವರಿಗೆ ಹೋಗುವ ಮಾತು, ಎಲ್ಲವೂ ಹತ್ತರಿಂದ ಹದಿನೈದನೆಯ ದಿನದೊಳಗೇ ಬರುತ್ತವೆ. ಮಕ್ಕಳಿಗೂ ಲೆಕ್ಕ ಗೊತ್ತಾಗಿದೆ.

ನಾಲ್ಕನೆಯ ದಿನ ರಕ್ತ ಕೊಟ್ಟರೆ 1150 ಬಂತು, ಡೋಸ್ ಇಳಿಸಿ ಎಂದರು. ಮುಂದಿನ ಸಲ ಇಪ್ಪತ್ತನೆಯ ದಿನ 190. ಇನ್ನೊಬ್ಬರು ಏರಿಸಿ ಎಂದರು. ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು ಹೇಳುವ ಹೆಮಟೋಕ್ರಿಟ್ 45 ಇದ್ದದ್ದು 52. ಯಾರ ಮಾತು ಕೇಳಲಿ?

ಲ್ಯಾಬ್ ಅಕ್ಕ, ಬಳ್ಳಾರಿ

ಅಣ್ಣಾ, ಕಾಲುವೆಗೆ ನೀರು ಬಿಟ್ಟ ದಿನ ಒಬ್ಬರು ಅಳೆದರು, ಬಂದ್ ಆಗುವ ಹಿಂದಿನ ದಿನ ಇನ್ನೊಬ್ಬರು. ಇಬ್ಬರ ಅಳತೆಯೂ ಸುಳ್ಳಲ್ಲ, ಆದರೆ ಡೋಸ್ ತೀರ್ಮಾನಿಸಲು ಎರಡೂ ಸಾಲವು. ಈ ಬಗೆಯ ಇಂಜೆಕ್ಷನ್‌ಗೆ ಎರಡು ಚುಚ್ಚಿನ ನಟ್ಟನಡುವೆ ರಕ್ತ ಕೊಡಬೇಕು. ಆಗ 350ರಿಂದ 600ರೊಳಗಿದ್ದರೆ ಸರಿ ಎಂದು ಮಾರ್ಗಸೂಚಿಗಳು ಹೇಳುತ್ತವೆ. ನಿಮ್ಮದನ್ನು ಭಾಗಿಸಿದರೆ ವಾರಕ್ಕೆ ಸುಮಾರು 83 ಮಿಲಿಗ್ರಾಂ, ಅದೇನು ಅತಿಯಲ್ಲ. ಡೋಸ್ ಮುಟ್ಟುವ ಮೊದಲು ಅಂತರ ಕಿರಿದು ಮಾಡಬಹುದೇ ಎಂದು ಹಾರ್ಮೋನ್ ತಜ್ಞರನ್ನೇ ಕೇಳಿ. 250ರ ಆಂಪೂಲ್ ಒಡೆದು ಉಳಿದರ್ಧವನ್ನು ಫ್ರಿಜ್‌ನಲ್ಲಿಟ್ಟು ಮುಂದಿನ ವಾರಕ್ಕೆ ಬಳಸುವ ಉಳಿತಾಯ ಮಾತ್ರ ಬೇಡ, ಸೋಂಕಾಗಬಹುದು.

ಹೆಮಟೋಕ್ರಿಟ್ 54 ದಾಟಿದರೆ ಮದ್ದು ನಿಲ್ಲಿಸುತ್ತಾರೆ. ಬಿಸಿಲಿನಲ್ಲಿ ಗದ್ದೆಯಿಂದ ನೇರ ಬಂದು ರಕ್ತ ಕೊಟ್ಟರೆ ನೀರಿಲ್ಲದ ಮೈಯಲ್ಲಿ ಅದು ಹೆಚ್ಚೇ ಕಾಣುತ್ತದೆ. ಬೆಳಿಗ್ಗೆ ನೀರು ಕುಡಿದು ಬನ್ನಿ. ಆದರೂ ಏಳು ಅಂಕ ಏರಿದ್ದನ್ನು ಬರೀ ಬಾಯಾರಿಕೆಯ ಲೆಕ್ಕಕ್ಕೆ ಹಾಕಬೇಡಿ.

ನಿವೃತ್ತ ಮೇಷ್ಟ್ರು, ಕೊಪ್ಪಳ

ನನ್ನದೂ ಪಿಟ್ಯುಟರಿ ಕಥೆಯೇ. ಸುಸ್ತನ್ನೆಲ್ಲ ಟೆಸ್ಟೋಸ್ಟೆರಾನ್ ತಲೆಗೆ ಕಟ್ಟಿ ಒಂದು ವರ್ಷ ಕಳೆದೆ. ಕೊನೆಗೆ ನೋಡಿದರೆ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನ್ ಕಡಿಮೆ. ಬೆಳಗಿನ ಕಾರ್ಟಿಸಾಲ್ ಮಾಡಿಸಿದ್ದೀರಾ? ಥೈರಾಯ್ಡ್‌ಗೆ ನಮ್ಮಂಥವರಲ್ಲಿ ಟಿಎಸ್‌ಎಚ್ ಎಂಬ ಪಿಟ್ಯುಟರಿ ಹಾರ್ಮೋನಿನ ಅಂಕಿ ನಂಬುವಂತಿಲ್ಲ, ಥೈರಾಯ್ಡೇ ಬಿಡುವ ಹಾರ್ಮೋನ್ ಫ್ರೀ ಟಿ4 ನೋಡಬೇಕು. ಟೆಸ್ಟೋಸ್ಟೆರಾನ್ ಜೆಲ್ ಕೂಡ ಮೈಗೆ ಹಚ್ಚಿದ್ದೆ, ಏರಿಳಿತವಿರಲಿಲ್ಲ. ಮೊಮ್ಮಗಳು ಬಂದರೆ ಹೆಗಲಿಗೆ ಹತ್ತುವವಳು, ಮಕ್ಕಳ ಮೈಗೆ ಅದು ತಗಲಬಾರದು ಎಂದು ಬಿಟ್ಟೆ.

ಜಿಮ್ ಹುಡುಗ, ಬಳ್ಳಾರಿ

ನನಗೆ 27, ನನ್ನದು 430. ಟ್ರೇನರ್ ಇದನ್ನೇ ತೆಗೆದುಕೋ ಎನ್ನುತ್ತಾನೆ. ಡಿಸೆಂಬರಿನಲ್ಲಿ ಮದುವೆ.

ಲ್ಯಾಬ್ ಅಕ್ಕ, ಬಳ್ಳಾರಿ

ತಮ್ಮಾ, ಬೇಡ. ಹೊರಗಿನದು ಬಂದರೆ ಮೈ ತನ್ನದನ್ನು ನಿಲ್ಲಿಸುತ್ತದೆ, ವೀರ್ಯಾಣು ಸೊನ್ನೆಗೂ ಇಳಿಯಬಹುದು. ಮರಳಲು ತಿಂಗಳುಗಟ್ಟಲೆ ಬೇಕು. ಟ್ರೇನರ್‌ಗೆ ಡಂಬೆಲ್ ಸಾಕು.

ಭತ್ತದವ, ಸಿಂಧನೂರು

ಮೂರು ತಿಂಗಳಾಯಿತು, ಹೇಳುವುದು ಉಳಿದಿತ್ತು. ತಜ್ಞರು ವಾರಕ್ಕೆ 75 ಮಿಲಿಗ್ರಾಂ ಮಾಡಿದರು. ನಟ್ಟನಡುವೆ ಕೊಟ್ಟ ರಕ್ತದಲ್ಲಿ 470, ಹೆಮಟೋಕ್ರಿಟ್ 50. ಮೇಷ್ಟ್ರೇ, ಕಾರ್ಟಿಸಾಲ್ ಸರಿಯಿದೆ, ಥೈರಾಯ್ಡ್ ಮಾತ್ರೆ ಸ್ವಲ್ಪ ಏರಿಸಿದ್ದಾರೆ. ಗುಳ್ಳೆ ಇನ್ನೂ ಇವೆ. ವಾರವಾರ ಬರಬೇಕಾಯಿತೆಂದು ಕಾಂಪೌಂಡರ್ ಗೊಣಗುತ್ತಾರೆ. ಮಳೆಯ ಸುದ್ದಿ ಈಗ ಅರ್ಧಕ್ಕೇ ನಿಲ್ಲುತ್ತದೆ.