ತೂತಿಯಾ ಅಂದರೆ ಸತುವೋ, ಮೈಲುತುತ್ತವೋ?

ಪ್ರಶ್ನೆ, ಬೀದರದಿಂದ:
ಎಲ್ಲರಿಗೂ ಶರಣು. ಬಿದರಿ ಕೆಲಸದ (ಸತುವಿನ ಎರಕದ ಪಾತ್ರೆಯಲ್ಲಿ ಗೆರೆ ಕೊರೆದು ಬೆಳ್ಳಿ ಕೂಡಿಸುವ ಕಲೆ) ಹಂತಗಳ ಫಲಕವೊಂದನ್ನು ಉರ್ದುವಿನಿಂದ ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಎರಕದ ಹೂಜಿಗೆ ಅರ ಹಾಕಿ ನಯ ಮಾಡಿದ ಮೇಲೆ 'ತೂತಿಯಾ ನೀರು' ಸವರಬೇಕು ಅಂತ ಮೂಲದಲ್ಲಿದೆ. ಪಾರಸಿ ನಿಘಂಟಿನಲ್ಲಿ ತೂತಿಯಾಕ್ಕೆ ಸತುವಿನ ಭಸ್ಮ ಎಂಬ ಅರ್ಥ. ಹೂಜಿಯೇ ಸತುವಿನದು, ಅದರ ಮೇಲೆ ಸತುವಿನ ಭಸ್ಮ ಯಾಕೆ? ಡಬ್ಬಿಗಳ ಚೀಟಿಗೂ ಇದೇ ಪದ ಬೇಕು.

ಭಾಲ್ಕಿಯಿಂದ:
ಮೈಲುತುತ್ತ ಅಂತ ಬರೀರಿ, ಅಂದರೆ ನೀಲಿ ಬಣ್ಣದ ತಾಮ್ರದ ಸಲ್ಫೇಟು. ನಿಘಂಟು ಬದಿಗಿಟ್ಟು ಹಂತ ನೋಡ್ರಿ. ಬಿದರಿ ಎರಕ ಅಂದರೆ ಸುಮಾರು 16 ಪಾಲು ಸತು, 1 ಪಾಲು ತಾಮ್ರ. ಅರ ಹಾಕಿದಾಗ ಬೆಳ್ಳಗೆ ಹೊಳೀತದ, ಉಳಿಯ ಗೆರೆ ಕಣ್ಣಿಗೆ ಹತ್ತೂದಿಲ್ಲ. ಮೈಲುತುತ್ತದ ನೀರು ಸವರಿದರೆ ಮೇಲಿನ ಸತು ಕರಗಿ, ನೀರಿನೊಳಗಿನ ತಾಮ್ರ ತೆಳುವಾಗಿ ಕಪ್ಪಗೆ ಕೂಡ್ತದ. ಆ ಕಪ್ಪಿನ ಮೇಲೆ ಕೊರೆದ ಗೆರೆ ಬೆಳ್ಳಗೆ ಎದ್ದು ಕಾಣ್ತದ. ಸತುವಿನ ಭಸ್ಮ ಸವರಿದರೆ ಇದ್ಯಾವುದೂ ಆಗೂದಿಲ್ಲ.

ಇದು ಕೊನೆಯ ಕಪ್ಪಲ್ಲ ಅನ್ನೋದನ್ನೂ ಫಲಕದಾಗ ಹಾಕ್ರಿ. ಬೆಳ್ಳಿ ಕೂಡಿಸಿ ಮತ್ತೆ ನಯ ಮಾಡುವಾಗ ಇದು ಪೂರಾ ಹೋಗ್ತದ. ಉಳಿಯೋ ಕಪ್ಪು ಬರೋದು ಬೀದರ ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡು), ನೀರು ಕಲಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕಿದಾಗ. ಬೆಳ್ಳಿಗೆ ಅದು ಹತ್ತೂದಿಲ್ಲ. ಓದುವವರು ಎರಡು ಕಪ್ಪನ್ನೂ ಒಂದೇ ಅಂದುಕೊಳ್ತಾರ.

ಕಲಬುರಗಿಯಿಂದ:
ವಿವರಣೆ ಸರಿ, ಪದ ಒಪ್ಪಲಾರೆ. ತುತ್ತ ಎನ್ನುವುದು ಸಂಸ್ಕೃತದ ತುತ್ಥ. 'ಮೈಲು' ಎಂದರೆ ನವಿಲು, ಅದು ನಮ್ಮದೇ. ಹಾಗಾದರೆ 'ನವಿಲುಗಲ್ಲು' ಎನ್ನೋಣ. ಹೊಸ ಫಲಕ ಬರೆಯುವಾಗಲೂ ಎರವಲು ಪದ ಹೊತ್ತರೆ ಕನ್ನಡ ಕಟ್ಟುವುದು ಯಾವಾಗ?

ಶಹಾಪುರದಿಂದ:
ನವಿಲುಗಲ್ಲು ಕೇಳಿದರೆ ಯಾವ ಅಂಗಡಿಯಲ್ಲೂ ಕೊಡುವುದಿಲ್ಲ. ಅದು ನೀರಿನಲ್ಲಿ ಕರಗುವ ಉಪ್ಪು, ಕಲ್ಲಲ್ಲ. ಲಿಂಬೆ, ದ್ರಾಕ್ಷಿ ತೋಟದವರಿಗೆ ಮೈಲುತುತ್ತ ಗೊತ್ತು: ಬೆಳೆಯ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, 100 ಲೀಟರ್ ನೀರು. ಹೊಳೆಯುವ ಚಾಕು ಅದ್ದಿದಾಗ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಹೂಜಿಯ ಮೇಲೆ ತಾಮ್ರ ಕೂರುವುದೂ ಇದೇ ಗುಣದಿಂದ. ಆದ್ದರಿಂದಲೇ ಈ ನೀರನ್ನು ಕಬ್ಬಿಣದ ಬಕೀಟಿನಲ್ಲಿ ಕಲಸಬಾರದು. ತಾಮ್ರವೆಲ್ಲ ಬಕೀಟಿಗೆ ಹತ್ತಿ ನೀರು ಸಪ್ಪಗಾಗುತ್ತದೆ. ಪ್ಲಾಸ್ಟಿಕ್ ಅಥವಾ ಗಾಜು ಇರಲಿ.

ಆಳಂದದಿಂದ:
ಗೊಂದಲದ ಬೇರು ತುತ್ಥದಲ್ಲೇ ಇದೆ. ಸಂಸ್ಕೃತದಲ್ಲೇ ಮಯೂರತುತ್ಥ ಅಂದರೆ ತಾಮ್ರದ್ದು, ಖರ್ಪರೀತುತ್ಥ ಅಂದರೆ ಸತುವಿನದು. ಪಾರಸಿಯ ತೂತಿಯಾ ಕಣ್ಣಿನ ಔಷಧಕ್ಕೆ ಬಳಸುವ ಸತುವಿನ ಭಸ್ಮವಾಗಿ ನಿಂತಿತು. ಉರ್ದು, ಹಿಂದಿಯ ಬಳಕೆಯಲ್ಲಿ ಬರೀ ತೂತಿಯಾ ಅಂದರೆ ನೀಲಿಯದು, ನೀಲಾ ಥೋಥಾ. 'ಸಫೇದ್ ತೂತಿಯಾ' ಅಂದರೆ ಸತುವಿನ ಸಲ್ಫೇಟು. ಮರಾಠಿಯವರು ಮೋರಚೂದ ಅನ್ನುತ್ತಾರೆ, ಅಲ್ಲೂ ನವಿಲೇ.

ಹಾಗಾಗಿ ಚೀಟಿಯಲ್ಲಿ ಬರೀ 'ತುತ್ತ' ಬೇಡ. ಬಿಳಿಯದನ್ನು ಕಲಸಿ ಸವರಿದರೆ ಹೂಜಿ ಕಪ್ಪಾಗುವುದಿಲ್ಲ, ಸತು ಸತುವನ್ನು ಹೊರಹಾಕುವುದಿಲ್ಲವಲ್ಲ. ಅನ್ನಭೇದಿಯೂ ಇದರ ಜೊತೆ ಕಲೆಯಬಾರದು. ಅದು ಕಬ್ಬಿಣದ್ದು, ತಿಳಿ ಹಸಿರು. ಇನ್ನೊಂದು: ಕಾಯಿಸಿದರೆ ಮೈಲುತುತ್ತವೂ ನೀರು ಬಿಟ್ಟು ಬೆಳ್ಳಗಾಗುತ್ತದೆ. ಬೆಳ್ಳಗಿನ ಪುಡಿಯ ಮೇಲೆ ಒಂದು ಹನಿ ನೀರು ಹಾಕಿ, ನೀಲಿ ತಿರುಗಿದರೆ ಮೈಲುತುತ್ತ.

ಕಲಬುರಗಿಯಿಂದ:
ಇಷ್ಟೆಲ್ಲ ಗೊಂದಲ ಎರವಲು ಪದದಿಂದಲೇ ಬಂತು ಎಂದು ನೀವೇ ತೋರಿಸಿದಿರಿ. 'ನೀಲಿಯುಪ್ಪು' ಎಂದರೂ ಆದೀತು.

ಭಾಲ್ಕಿಯಿಂದ:
ಉಪ್ಪು ಅಂತ ಬರೆದ ಡಬ್ಬಿ ಊಟ ಮಾಡೋ ಜಾಗದಾಗ ಇಡಬ್ಯಾಡ್ರಿ ಸರ. ಇದು ವಿಷ. ಮಂದಿಗೆ ಗೊತ್ತಿರೋ ಹೆಸರು ಬಿಟ್ಟು ಹೊಸದು ಹಚ್ಚೋದು ಕನ್ನಡ ಕಟ್ಟೋದಲ್ಲ. ನವಸಾಗರ ಎಲ್ಲಿಂದ ಬಂತೋ, ಈಗ ನಮ್ಮದೇ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಫಲಕದ ಸಾಲು: 'ಕೊರೆಯುವ ಗೆರೆ ಕಾಣಲೆಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುವುದು.' ಚೀಟಿಯಲ್ಲಿ: 'ಮೈಲುತುತ್ತ (ತಾಮ್ರದ ಸಲ್ಫೇಟು, ನೀಲಿ). ವಿಷ.' ಕೆಳಗೆ ಉರ್ದುವಿನಲ್ಲಿ ನೀಲಾ ಥೋಥಾ.