ಮೀಟರ್ ಪ್ರಕಾರ ನೀರು ಚೆನ್ನಾಗಿದೆ, ತಳದ ಹುಳುಗಳು ಬೇರೆಯೇ ಹೇಳುತ್ತಿವೆ. ಯಾವುದನ್ನು ನಂಬಲಿ?

ಮರಳದಂಡೆ: ನದಿಗೆ ಚರಂಡಿ ಸೇರುವ ಜಾಗದ ಮೇಲೂ ಕೆಳಗೂ ನೀರು ನೋಡಿದೆ. ಮಧ್ಯಾಹ್ನ ಅಳೆದಾಗ ಕರಗಿದ ಆಮ್ಲಜನಕ, ಪಿಎಚ್ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಆದರೆ ಬಲೆ ಹಾಕಿದರೆ ಮೇಲ್ಗಡೆ ಮೇಫ್ಲೈ ಅನ್ನೋ ಕೀಟದ ಮರಿಗಳು ಬಂದವು, ಕೆಳಗಡೆ ಸಿಕ್ಕಿದ್ದು ಕೆಂಪು ಹುಳು, ದಾರದಂಥ ಹುಳು, ಜಿಗಣೆ, ಬಸವನಹುಳು ಮಾತ್ರ. ಮೀಟರ್ ಕೆಟ್ಟಿದೆಯಾ?

ಜೊಂಡುಹುಲ್ಲು: ಮೀಟರ್ ಸರಿಯಾಗೇ ಇರಬಹುದು. ಅದು ಹೇಳೋದು ಆ ಕ್ಷಣದ್ದು ಮಾತ್ರ, ಅಲ್ವಾ? ಬಿಸಿಲಿದ್ದಾಗ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿಯೂ ಬ್ಯಾಕ್ಟೀರಿಯಾಗಳೂ ಸೇರಿ ಅದನ್ನು ಎಳೆದುಕೊಳ್ಳುತ್ತವೆ, ಹಾಗಾಗಿ ಬೆಳಗಿನ ಜಾವದಲ್ಲಿ ಅಳೆದರೆ ಬೇರೆಯದೇ ಅಂಕಿ ಬರಬಹುದು. ಹುಳುಗಳು ವಾರ, ತಿಂಗಳುಗಟ್ಟಲೆ ಅಲ್ಲೇ ಇರುತ್ತವೆ, ರಾತ್ರಿ ಬಿಟ್ಟ ಕೊಳೆನೀರನ್ನೂ ಅವೇ ಕುಡಿಯಬೇಕು. ನಿಮ್ಮ ಕೆಂಪು ಹುಳು ಕೈರಾನಮಿಡ್ ನೊಣದ ಮರಿ ಇರಬೇಕು. ಅದರ ಮೈಯಲ್ಲಿ ಹಿಮೋಗ್ಲೋಬಿನ್ ಇದೆ, ಆಮ್ಲಜನಕ ಕಡಿಮೆಯಾದರೂ ತಡೆದುಕೊಳ್ಳುತ್ತದೆ. ಆದರೆ ಒಳ್ಳೆಯ ನೀರಿನ ಕೆಸರಲ್ಲೂ ಅದು ಇರುತ್ತದೆ, ಅದು ಸಿಕ್ಕಿತು ಅಂತ ಸುಮ್ನೆ ಗಾಬರಿಯಾಗಬೇಡಿ. ಇರಬೇಕಾದ್ದು ಯಾವುದು ಇಲ್ಲ ಅನ್ನೋದನ್ನು ನೋಡಿ.

ಹರಿವು: ಎರಡೂ ಕಡೆ ತಳ ಒಂದೇ ಥರ ಇತ್ತಾ? ಮೇಲೆ ಕಲ್ಲು, ರಭಸದ ನೀರು, ಕೆಳಗೆ ಕೆಸರು ಅಂದರೆ ಹೋಲಿಕೆಯೇ ತಪ್ಪು. ಮೇಫ್ಲೈಗಳಲ್ಲಿ ಹಲವು ಜಾತಿಗಳಿಗೆ ಕಲ್ಲೇ ಬೇಕು, ಶುದ್ಧ ನೀರಿದ್ದರೂ ಅವು ಕೆಸರಲ್ಲಿ ಸಿಗಲ್ಲ. ಎರಡೂ ಕಡೆ ಒಂದೇ ಬಲೆ ಇಟ್ಟು, ಅದರ ಮುಂದೆ ತಳವನ್ನು ಕಾಲಲ್ಲಿ ಕೆದಕಿ, ಸಾಮಾನ್ಯವಾಗಿ 3 ನಿಮಿಷ, ಅಂಚಿನ ಗಿಡ, ಕಲ್ಲು, ಮರಳು ಎಲ್ಲದಕ್ಕೂ ಸಮಯ ಹಂಚಿ. ಪ್ರವಾಹ ಆಗಿ ಸ್ವಲ್ಪ ದಿನಕ್ಕೇ ಹೋಗಬೇಡಿ, ಎಲ್ಲ ಕೊಚ್ಚಿಹೋಗಿರುತ್ತೆ.

ಮರಳದಂಡೆ: ಕೆಳಗೂ ಜಲ್ಲಿಕಲ್ಲೇ, ಆದರೆ ಆ ಕಲ್ಲುಗಳ ಮೇಲೆ ಬೂದು ಲೋಳೆ ಕೂತಿದೆ. ಲೆಕ್ಕ ಹಾಕೋದು ಹೇಗೆ?

ಜೊಂಡುಹುಲ್ಲು: ಬೂದು ಲೋಳೆ ಅಂದರೆ ಕೊಳೆನೀರಿನ ಅನುಮಾನ ಜಾಸ್ತಿಯಾಯಿತು. ತಳದ ಹುಳುಗಳಿಂದ ನೀರಿನ ಗುಣ ಅಳೆಯೋಕೆ ಬ್ರಿಟನ್‌ನಲ್ಲಿ ಹುಟ್ಟಿದ ಬಿಎಂಡಬ್ಲ್ಯುಪಿ ಅಂಕ ಪದ್ಧತಿಯಲ್ಲಿ ಜಾತಿ ಬೇಡ, ಕುಟುಂಬ ಗುರುತಿಸಿದರೆ ಸಾಕು. ಕೊಳೆ ಸಹಿಸದ ಹೆಪ್ಟಜೀನಿಡೇ ಮೇಫ್ಲೈಗೆ 10, ಸ್ವಲ್ಪ ಗಟ್ಟಿಯಾದ ಬೀಟಿಡೇ ಮೇಫ್ಲೈಗೆ 4, ಕೈರಾನಮಿಡ್‌ಗೆ 2, ದಾರದ ಹುಳುಗೆ 1. ಕುಟುಂಬಕ್ಕೆ ಒಂದೇ ಸಲ ಅಂಕ, ಎಷ್ಟು ಹುಳು ಸಿಕ್ಕವು ಅನ್ನೋದು ಬೇಡ. ನಿಮ್ಮ ಜಿಗಣೆ, ಬಸವನಹುಳು ಎರಡೂ 3ರ ಕುಟುಂಬದವು ಅಂದುಕೊಂಡರೆ ಕೆಳಗಡೆ ಒಟ್ಟು 9. ಅದನ್ನು 4 ಕುಟುಂಬದಿಂದ ಭಾಗಿಸಿದರೆ ಸರಾಸರಿ 2.25, ತುಂಬಾ ಕಮ್ಮಿ. ಬಲೆ ಜಾಸ್ತಿ ಹೊತ್ತು ಆಡಿಸಿದರೆ ಒಟ್ಟು ಅಂಕ ಏರುತ್ತೆ, ಸರಾಸರಿ ಅಷ್ಟು ಅಲ್ಲಾಡಲ್ಲ, ಹಾಗಾಗಿ ನಾನು ಅದನ್ನೇ ನಂಬೋದು.

ಹರಿವು: ಆ ಅಂಕಗಳು ಮುಖ್ಯವಾಗಿ ಕೊಳೆನೀರನ್ನು ಮನಸ್ಸಲ್ಲಿಟ್ಟು ಮಾಡಿದ್ದು. ಕೀಟನಾಶಕವೋ ಲೋಹವೋ ಇದ್ದರೆ ಅದೇ ಅಂಕದಿಂದ ಕಾರಣ ಗೊತ್ತಾಗಲ್ಲ, ರಾಸಾಯನಿಕ ಪರೀಕ್ಷೆ ಮಾಡಿಸಲೇಬೇಕು. ಬ್ರಿಟನ್ ಅಂಕವನ್ನು ಬೇರೆ ದೇಶದ ನದಿಗೆ ಹಾಗೇ ತಂದು 'ಒಳ್ಳೆಯದು, ಕೆಟ್ಟದು' ಅಂತ ಬೋರ್ಡ್ ಹಾಕಬೇಡಿ, ನಿಮ್ಮ ನದಿಯ ಮೇಲ್ಗಡೆ ಜಾಗದ ಜೊತೆಗೇ ಹೋಲಿಸಿ. ಬೆಳಗಿನ ಜಾವದ ಆಮ್ಲಜನಕದ ಅಂಕಿ ಬಂದ ಮೇಲೆ ಇಲ್ಲಿ ಹಾಕಿ.